ಬೇಳೆಸಾರಿನ ಮೇಲೆ ಬಂದ ಅಪವಾದ

ಮಾವ: ತೊಗರಿಬೇಳೆ ಸಾರು ಬಿಟ್ಟೆ. ಟೊಮೆಟೊ ಬಿಟ್ಟೆ. ಪಾಲಕ್ ಸೊಪ್ಪು, ಹುರುಳಿ ಕಟ್ಟು, ಬದನೆಕಾಯಿ, ಎಲ್ಲ ಬಿಟ್ಟಾಯ್ತು. ಕಡೆಗೆ ಕಾಫಿ ಸಹ ಬಿಟ್ಟಿದೀನಿ ಮಾರಾಯ್ತಿ. ಆದರೂ ಈ ಸಲದ ರಿಪೋರ್ಟಲ್ಲಿ ಯೂರಿಕ್ ಆ್ಯಸಿಡ್ 8.6. ಹೋದ ತಿಂಗಳು ಮತ್ತೆ ಅದೇ ಹೆಬ್ಬೆರಳು ಕೆಂಪಗೆ ಬಾತುಕೊಂಡು, ನೆಲಕ್ಕೆ ಕಾಲಿಡೋಕೇ ಆಗಲಿಲ್ಲ. ಇನ್ನೆಂತ ಬಿಡಬೇಕು, ನೀನೇ ಹೇಳು.

ಸೊಸೆ: ಬಿಟ್ಟಿದ್ದರ ಪಟ್ಟಿ ಆಯ್ತು. ಬಿಡದೆ ಇರೋದು ಏನೇನು, ಅದನ್ನೂ ಹೇಳಿ.

ಮಾವ: ಅಂಥದ್ದೇನಿಲ್ಲ. ವಾರಕ್ಕೆರಡು ಸಲ ಬಂಗುಡೆ, ಇಲ್ಲ ಬೂತಾಯಿ. ಮೀನು ಹೃದಯಕ್ಕೆ ಒಳ್ಳೇದು ಅಂತ ನೀವು ಡಾಕ್ಟರುಗಳೇ ಹೇಳ್ತೀರಲ್ಲ. ಶನಿವಾರ ಸಂಜೆ ಅಡಿಕೆ ಮಂಡಿಯವರ ಜೊತೆ ಕೂತರೆ ಬಿಯರು, ಒಂದೋ ಎರಡೋ. ಕಾಫಿ ಬದಲಿಗೆ ಡಬ್ಬಿ ಜ್ಯೂಸು.

ಅತ್ತೆ (ಅಡುಗೆಮನೆಯಿಂದ): ಒಂದೋ ಎರಡೋ ಅಲ್ಲ.

ಸೊಸೆ: ಬಿಡಬೇಕಾದ್ದನ್ನೆಲ್ಲ ಇಟ್ಟುಕೊಂಡು, ಇಟ್ಟುಕೊಳ್ಳಬಹುದಾದ್ದನ್ನೆಲ್ಲ ಬಿಟ್ಟಿದೀರಿ ಮಾವ. ಅತ್ತೆ, ಇವತ್ತೇ ಬೇಳೆಸಾರು ಮಾಡಿ.

ಮಾವ: ಬೇಳೆಯಲ್ಲಿ ಪ್ಯೂರಿನ್ ಇದೆಯಂತಲ್ಲ? ಅದೇ ಯೂರಿಕ್ ಆ್ಯಸಿಡ್ ಆಗೋದಂತೆ?

ಸೊಸೆ: ಇದೆ, ಸುಳ್ಳಲ್ಲ. ಜೀವಕೋಶ ಇರುವ ಯಾವ ಆಹಾರದಲ್ಲಾದರೂ ಹೆಚ್ಚೋ ಕಡಿಮೆಯೋ ಪ್ಯೂರಿನ್ ಇದ್ದೇ ಇರುತ್ತದೆ. ಆದರೆ ಯಾವುದನ್ನು ತಿಂದರೆ ತೊಂದರೆ ಅಂತ ಅಳೆದೇ ನೋಡಿದ್ದಾರೆ. ಅಮೆರಿಕದಲ್ಲಿ 47,150 ಗಂಡಸರ ಊಟ-ತಿಂಡಿಯನ್ನು ಹನ್ನೆರಡು ವರ್ಷ ಗಮನಿಸಿದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಾಂಸ ಹೆಚ್ಚು ತಿಂದವರಲ್ಲಿ, ಅದಕ್ಕಿಂತಲೂ ಸಮುದ್ರದ ಮೀನು-ಸಿಗಡಿ ಹೆಚ್ಚು ತಿಂದವರಲ್ಲಿ ಗೌಟ್, ಅಂದರೆ ನಿಮ್ಮ ಹೆಬ್ಬೆರಳಿನ ಈ ಗಂಟುಬಾವು, ಜಾಸ್ತಿ ಕಂಡಿತು. ಪ್ಯೂರಿನ್ ಇರುವ ಕಾಳು, ಸೊಪ್ಪು ತಿಂದವರಲ್ಲಿ ಜಾಸ್ತಿ ಕಾಣಲಿಲ್ಲ. ಹಾಲು, ಮೊಸರು ಬಳಸುವವರಲ್ಲಿ ಕಡಿಮೆಯೇ ಇತ್ತು. ಕಾಫಿ ಕುಡಿಯುವವರಲ್ಲೂ ಕಡಿಮೆ ಅಂತ ಆಮೇಲೆ ಬಂದ ಅಧ್ಯಯನಗಳು ಹೇಳಿದವು. ನೀವು ಕಾಫಿ ಬಿಟ್ಟು ಡಬ್ಬಿ ಜ್ಯೂಸು ಹಿಡಿದದ್ದು ಎಷ್ಟು ಉಲ್ಟಾ ಕೆಲಸ ಅಂದರೆ, ಸಕ್ಕರೆಯಲ್ಲಿ ಅರ್ಧ ಭಾಗ ಫ್ರಕ್ಟೋಸ್, ಅದು ಪಿತ್ತಜನಕಾಂಗದಲ್ಲಿ ಕರಗುವಾಗಲೇ ಯೂರಿಕ್ ಆ್ಯಸಿಡ್ ಹುಟ್ಟುತ್ತದೆ. ಬೆಲ್ಲ, ಜೇನುತುಪ್ಪ ಆದರೂ ಲೆಕ್ಕ ಅಷ್ಟೇ.

ಮಾವ: ಮತ್ತೆ ಟೊಮೆಟೊ?

ಸೊಸೆ: ಟೊಮೆಟೊದಲ್ಲಿ ಪ್ಯೂರಿನ್ ಅತ್ಯಲ್ಪ. ಟೊಮೆಟೊ ಬೇಡ, ಪಾಲಕ್ ಬೇಡ ಅನ್ನೋದು ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಇರುವವರಿಗೆ ಹೇಳುವ ಮಾತು. ಅದು ಬಾಯಿಂದ ಬಾಯಿಗೆ ಹೋಗಿ, ಯೂರಿಕ್ ಆ್ಯಸಿಡ್‌ನವರ ತಟ್ಟೆಗೂ ಬಂದು ಕೂತಿದೆ. ಟೊಮೆಟೊ ತಿಂದಾಗಲೆಲ್ಲ ನೋವು ಬರ್ತಿದೆ ಅಂತ ನಿಮಗೇ ಅನುಭವ ಇದ್ದರೆ ಬಿಡಿ, ತೊಂದರೆಯಿಲ್ಲ. ಪಕ್ಕದ ಮನೆಯವರು ಹೇಳಿದರು ಅಂತ ಬಿಡಬೇಡಿ.

ಮಾವ: ಹಾಗಾದ್ರೆ ಇಷ್ಟು ದಿನ ಸಪ್ಪೆ ತಿಂದದ್ದು ದಂಡ ಅನ್ನು.

ಸೊಸೆ: ದಂಡ ಅಂತ ಪೂರ್ತಿ ಹೇಳಲಾರೆ, ಆದರೆ ಪಥ್ಯ ಎಷ್ಟೇ ಕಟ್ಟುನಿಟ್ಟಾಗಿ ಮಾಡಿದರೂ ರಕ್ತದಲ್ಲಿ ಇಳಿಯೋದು ಹೆಚ್ಚೆಂದರೆ ಒಂದು ಅಂಕಿ. 8.6 ಇದ್ದದ್ದು 7.6 ಆಗಬಹುದು. ಅದು ಸಾಲದು. ಯಾಕೆಂದರೆ ನಮ್ಮ ರಕ್ತದಲ್ಲಿರುವ ಯೂರಿಕ್ ಆ್ಯಸಿಡ್‌ನ ಸುಮಾರು ಮೂರನೇ ಎರಡು ಭಾಗ ಊಟದಿಂದ ಬಂದದ್ದೇ ಅಲ್ಲ. ಮೈಯೊಳಗಿನ ಹಳೇ ಜೀವಕೋಶಗಳು ಒಡೆದಾಗ ಅಲ್ಲೇ ತಯಾರಾದದ್ದು. ಉಪವಾಸ ಕೂತರೂ ಅದು ನಿಲ್ಲಲ್ಲ.

ಮಾವ: ಏಕಾದಶಿ ಮಾಡಿದರೆ ಇಳಿಯುತ್ತದೆ ಅಂತ ಭಟ್ಟರು ಹೇಳಿದ್ದರು.

ಸೊಸೆ: ನಿರಾಹಾರ ಇದ್ದರೆ ಏರುತ್ತದೆ! ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಬರುವ ಕೀಟೋನುಗಳು ಕಿಡ್ನಿಯಲ್ಲಿ ಯೂರಿಕ್ ಆ್ಯಸಿಡ್ ಹೊರಹೋಗೋದಕ್ಕೆ ಅಡ್ಡ ಬರುತ್ತವೆ. ಅದರ ಮೇಲೆ ನೀರೂ ಕುಡಿಯದೆ ಇದ್ದರೆ ಮುಗಿಯಿತು. ಗೌಟ್ ಇರುವವರು ತೂಕ ಇಳಿಸಬೇಕು, ನಿಜ. ನಿಧಾನವಾಗಿ ಇಳಿಸಬೇಕು. ಮಗನ ಮದುವೆ ಹತ್ತಿರ ಬಂತು ಅಂತ ಒಂದೇ ತಿಂಗಳಲ್ಲಿ ಇಳಿಸೋಕೆ ಹೋದವರಿಗೆ ಮದುವೆಮನೆಯಲ್ಲೇ ಕಾಲು ಬಾತದ್ದನ್ನು ನೋಡಿದೀನಿ.

ಮಾವ: ಹೊರಗೆ ಹೋಗಬೇಕಾದ ಕಸವೇ ಅಲ್ವೇನೆ ಅದು? ಹೋಗಲಿಕ್ಕೆ ಏನು ಕಷ್ಟ?

ಸೊಸೆ: ಅಲ್ಲೇ ಇರೋದು ವಿಷಯ. ಬಹುಪಾಲು ಪ್ರಾಣಿಗಳ ಮೈಯಲ್ಲಿ ಯೂರಿಕೇಸ್ ಅನ್ನೋ ಕಿಣ್ವ ಇದೆ. ದನಕ್ಕೆ, ಬೆಕ್ಕಿಗೆ, ಇಲಿಗೆ ಇದೆ. ಅದು ಯೂರಿಕ್ ಆ್ಯಸಿಡನ್ನು ಸುಲಭವಾಗಿ ನೀರಿನಲ್ಲಿ ಕರಗುವ ಇನ್ನೊಂದು ವಸ್ತುವಾಗಿ ಮಾರ್ಪಡಿಸಿ ಹೊರಗೆ ಹಾಕುತ್ತದೆ. ಮನುಷ್ಯರ ಮತ್ತು ದೊಡ್ಡ ವಾನರಗಳ ಪೂರ್ವಜರಲ್ಲಿ ಆ ಕಿಣ್ವದ ಜೀನ್ ಒಂದು ಕೋಟಿಗೂ ಹೆಚ್ಚು ವರ್ಷಗಳ ಹಿಂದೆಯೇ ಕೆಟ್ಟುಹೋಯಿತು. ಹಕ್ಕಿಗಳಿಗೂ ಇಲ್ಲ. ಪಾರಿವಾಳದ ಹಿಕ್ಕೆಯಲ್ಲಿ ಬೆಳ್ಳಗೆ ಕಾಣೋದು ಯೂರಿಕ್ ಆ್ಯಸಿಡ್ಡೇ. ಅವು ಅದನ್ನು ಹಾಗೇ ಉದುರಿಸಿ ಹಾರಿಹೋಗುತ್ತವೆ. ನಮ್ಮದು ಹಾಗಲ್ಲ. ಕಿಡ್ನಿ ಯೂರಿಕ್ ಆ್ಯಸಿಡನ್ನು ಸೋಸುತ್ತದೆ, ಆಮೇಲೆ ಸೋಸಿದ್ದರಲ್ಲಿ ಸುಮಾರು ಶೇ. 90ರಷ್ಟನ್ನು ಮತ್ತೆ ರಕ್ತಕ್ಕೇ ಎಳೆದುಕೊಳ್ಳುತ್ತದೆ. ಕೆಲವು ಮನೆತನಗಳಲ್ಲಿ ಈ ಎಳೆದುಕೊಳ್ಳೋದು ಇನ್ನೂ ಜಾಸ್ತಿ. ಗೌಟ್ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನರ ಸಮಸ್ಯೆ ಹೊರಹಾಕೋದರದ್ದು, ಹೆಚ್ಚು ತಯಾರಾಗೋದರದ್ದಲ್ಲ. ನಿಮ್ಮ ಅಪ್ಪನಿಗೂ ಕಾಲು ಬಾತುಕೊಳ್ತಿತ್ತು ಅಂತ ಅಮ್ಮ ಹೇಳ್ತಿದ್ದಳಲ್ಲ?

ಮಾವ: ಹೌದು. ಅಪ್ಪಯ್ಯ ಬಿಯರ್ ಕಂಡವರಲ್ಲ, ಜ್ಯೂಸಂತೂ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ರಾತ್ರಿ ಕಾಲು ಹಿಡ್ಕೊಂಡು ಕೂತಿರ್ತಿದ್ದರು. ಊರವರು ಮಾತ್ರ, ಗೌಡರು ಕೂತು ಉಂಡು ಬರಿಸಿಕೊಂಡ ಕಾಯಿಲೆ ಅಂತಿದ್ದರು.

ಸೊಸೆ: ಆ ಮಾತು ಬಹಳ ಹಳೇದು ಮಾವ. ಚರಕ ಸಂಹಿತೆಯಲ್ಲೂ ವಾತರಕ್ತ, ಅಂದರೆ ಗೌಟಿನಂಥ ಕಾಯಿಲೆ, ಬರೋದು ಸುಕುಮಾರರಿಗೆ, ಸುಖವಾಗಿ ಉಣ್ಣುವವರಿಗೆ, ನಡೆದಾಡದವರಿಗೆ ಅಂತ ಇದೆ. ಯೂರೋಪಿನಲ್ಲಿ ಅದು ರಾಜರ ಕಾಯಿಲೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ ಹತ್ತಿರ ಇದ್ದಾಗ, 1780ರಲ್ಲಿ, ತನಗೂ ಗೌಟಿಗೂ ನಡೆದ ಒಂದು ಸಂವಾದವನ್ನೇ ಬರೆದಿದ್ದಾನೆ. ಅದರಲ್ಲಿ ಗೌಟ್ ಅವನನ್ನು ತಿಂದದ್ದಕ್ಕೆ, ಚದುರಂಗ ಆಡುತ್ತ ಕೂತದ್ದಕ್ಕೆ ಬೈಯುತ್ತದೆ. ತಮಾಷೆಗೆ ಬರೆದದ್ದು, ಚೆನ್ನಾಗಿದೆ. ಆದರೆ ಹಾಗೆ ಬೈಯುವ ಧಾಟಿ ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಉಳಿದುಕೊಂಡಿದೆ. ರೋಗಿಗೆ ಪಥ್ಯದ ಚೀಟಿ ಕೊಟ್ಟು, ನೀನೇ ತಿಂದು ಮಾಡ್ಕೊಂಡೆ ಅಂದು ಕಳಿಸಿಬಿಟ್ಟರೆ ಡಾಕ್ಟರ ಕೆಲಸ ಹಗುರ. ರೋಗಿ ಬೇಳೆ ಬಿಟ್ಟು ಕೂರುತ್ತಾನೆ, ಹರಳು ಒಳಗೆ ಬೆಳೆಯುತ್ತಲೇ ಇರುತ್ತದೆ.

ಮಾವ: ಹರಳು ಅಂದರೆ ಕಲ್ಲಾ?

ಸೊಸೆ: ಕಿಡ್ನಿಯಲ್ಲಾದರೆ ಕಲ್ಲು. ಗಂಟಿನಲ್ಲಿ ಸಣ್ಣ ಸೂಜಿಯಾಕಾರದ ಹರಳುಗಳು. ನಿಮ್ಮನೆಯ ಜೋನಿಬೆಲ್ಲದ ಡಬ್ಬಿ ನೋಡಿ. ಚಳಿಗಾಲ ಬಂತೆಂದರೆ ತಳದಲ್ಲಿ ಹರಳು ಕಟ್ಟುತ್ತದೆ. ದ್ರವ ಎಷ್ಟು ಹಿಡಿಸಿಕೊಳ್ಳಬಲ್ಲದೋ ಅದಕ್ಕಿಂತ ಹೆಚ್ಚಾದದ್ದು, ಅದೂ ತಣ್ಣಗಿದ್ದ ಕಡೆ, ಗಟ್ಟಿಯಾಗುತ್ತದೆ. ಮೈಯ ಬಿಸಿಯಲ್ಲಿ ರಕ್ತ ಹಿಡಿಸಿಕೊಳ್ಳೋದು ಡೆಸಿಲೀಟರಿಗೆ 6.8 ಮಿಲಿಗ್ರಾಂ ತನಕ. ಕಾಲಿನ ಹೆಬ್ಬೆರಳು ಹೃದಯದಿಂದ ದೂರ, ಮೈಯ ಉಳಿದ ಭಾಗಕ್ಕಿಂತ ತಣ್ಣಗೆ, ದಿನವಿಡೀ ಭಾರ ಹೊತ್ತು ಸವೆದಿರುತ್ತದೆ. ಹರಳು ಮೊದಲು ಅಲ್ಲೇ ಕೂರುತ್ತದೆ. ಕೂತು ಎಷ್ಟೋ ವರ್ಷ ಸುಮ್ಮನಿರುತ್ತದೆ. ಒಂದು ದಿನ ಕುಡಿದದ್ದಕ್ಕೋ, ಎಡವಿದ್ದಕ್ಕೋ, ಜ್ವರ ಬಂದದ್ದಕ್ಕೋ ಅದರಲ್ಲಿ ಸ್ವಲ್ಪ ಕದಲುತ್ತದೆ. ಆಗ ಬಿಳಿ ರಕ್ತಕಣಗಳು ಯಾವುದೋ ಶತ್ರು ಬಂತು ಅಂತ ಅದರ ಮೇಲೆ ಬೀಳುತ್ತವೆ. ನಿಮಗೆ ನಡುರಾತ್ರಿ ಎಚ್ಚರವಾಗೋದು ಆ ಜಗಳಕ್ಕೆ.

ಮಾವ: ಹೊದಿಕೆ ತಾಗಿದರೂ ಜೀವ ಹೋಗ್ತದೆ ಕಣೆ. ಫ್ಯಾನಿನ ಗಾಳಿಯೂ ಬೇಡ ಅನ್ನಿಸ್ತದೆ.

ಸೊಸೆ: ಇಂಗ್ಲೆಂಡಿನ ಥಾಮಸ್ ಸಿಡೆನ್‌ಹ್ಯಾಮ್ ಅನ್ನೋ ವೈದ್ಯ 1683ರಲ್ಲಿ ಇದನ್ನೇ ಬರೆದ. ಅವನಿಗೂ ಗೌಟ್ ಇತ್ತು, ಅದಕ್ಕೇ ಅಷ್ಟು ಚೆನ್ನಾಗಿ ಬರೆದ. ಸರಿ, ಆ ಮೊಣಕೈ ಏನದು? ತಿರುಗಿಸಿ ನೋಡೋಣ.

ಮಾವ: ಇದಾ? ಕೊಬ್ಬಿನ ಗಡ್ಡೆ. ನೋವಿಲ್ಲ. ಸುಮಾರು ವರ್ಷದಿಂದ ಇದೆ.

ಸೊಸೆ: ಕೊಬ್ಬಲ್ಲ ಅನ್ನಿಸುತ್ತದೆ. ಇಲ್ಲಿ ಚರ್ಮದ ಕೆಳಗೆ ಬೆಳ್ಳಗೆ ಕಾಣ್ತಿದೆ, ನೋಡಿ. ಟೋಫಸ್ ಅಂತ, ಯೂರಿಕ್ ಆ್ಯಸಿಡ್ ಹರಳುಗಳೇ ಗುಡ್ಡೆಯಾಗಿರೋದು. ಕಿವಿಯ ಅಂಚಿನಲ್ಲೂ, ಬೆರಳಿನ ಗಂಟಲ್ಲೂ ಬರುತ್ತವೆ. ಹಾಲೆಂಡಿನ ಲೇವನ್‌ಹುಕ್ 1679ರಲ್ಲೇ ಇಂಥ ಗಂಟಿನ ಸುಣ್ಣದಂಥ ಪುಡಿಯನ್ನು ತನ್ನ ಸೂಕ್ಷ್ಮದರ್ಶಕದಲ್ಲಿಟ್ಟು ಹರಳುಗಳನ್ನು ನೋಡಿದ್ದ. ಅದು ಯಾವ ವಸ್ತು ಅಂತ ಗೊತ್ತಾಗೋಕೆ ಇನ್ನೂ ಒಂದು ಶತಮಾನ ಹಿಡಿಯಿತು. ಸ್ವೀಡನ್ನಿನ ಷೀಲೆ 1776ರಲ್ಲಿ ಮೂತ್ರದ ಕಲ್ಲಿನಿಂದ ಯೂರಿಕ್ ಆ್ಯಸಿಡ್ ತೆಗೆದ. ಅದೆಲ್ಲ ಇರಲಿ. ಈ ಗಂಟು ಕಂಡ ಮೇಲೆ ಮಾತೇ ಬೇರೆ. ಇನ್ನು ಪಥ್ಯದಲ್ಲಿ ಕಾಲ ಕಳೆಯುವ ಹಾಗಿಲ್ಲ, ಗುಳಿಗೆ ಬೇಕು.

ಮಾವ: ಗುಳಿಗೆ ಕೊಟ್ಟಿದ್ದರು. ತಗೊಂಡ ಸ್ವಲ್ಪ ದಿನಕ್ಕೇ ಇನ್ನೂ ಜೋರಾಗಿ ನೋವು ಬಂತು. ನಂಗೆ ಆಗಿಬರಲ್ಲ ಅಂತ ನಿಲ್ಲಿಸಿದೆ.

ಸೊಸೆ: ಯಾವ ಗುಳಿಗೆ?

ಮಾವ: ಅಲೋ... ಅಲೋಪ್ಯೂರಿನಾಲ್. 300ರದ್ದು.

ಸೊಸೆ: ಗುಳಿಗೆ ಕೆಲಸ ಮಾಡಿದ್ದಕ್ಕೇ ನೋವು ಬಂದದ್ದು! ರಕ್ತದಲ್ಲಿ ಮಟ್ಟ ದಿಢೀರ್ ಇಳಿದಾಗ ಗಂಟಿನಲ್ಲಿರುವ ಹರಳುಗಳು ಕರಗೋಕೆ ಶುರುವಾಗಿ ಸಡಿಲವಾಗುತ್ತವೆ, ಮತ್ತೆ ಜಗಳ. ಇದನ್ನು ನಿಮಗೆ ಮೊದಲೇ ಹೇಳಬೇಕಿತ್ತು. ಹೇಳದೆ ಗುಳಿಗೆ ಕೊಟ್ಟರೆ ಯಾರಾದರೂ ನಿಲ್ಲಿಸುತ್ತಾರೆ, ನಿಮ್ಮದೇನೂ ತಪ್ಪಿಲ್ಲ. 100 ಮಿಲಿಗ್ರಾಂ, ಕಿಡ್ನಿ ದುರ್ಬಲ ಇದ್ದರೆ ಅದಕ್ಕಿಂತಲೂ ಕಡಿಮೆಯಿಂದ ಶುರು ಮಾಡಿ, ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಏರಿಸುತ್ತ ಹೋಗಬೇಕು. ಜೊತೆಗೆ ಮೊದಲ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಕಾಲ್ಚಿಸಿನ್ ಕೊಟ್ಟರೆ ಈ ನೋವಿನ ಕಾಟ ಬಹಳ ಕಡಿಮೆ.

ಮಾವ: ಕಾಲ್ಚಿಸಿನ್ ಅಂದರೆ ನಮ್ಮ ಬೇಲಿ ಮೇಲಿನ ಗೌರಿ ಹೂವಿನಿಂದ ತೆಗೆಯೋದಂತಲ್ಲ? ಅದರ ಗೆಡ್ಡೆ ಅರೆದು ಹಚ್ಚಿದರೆ ಸಾಕು ಅಂತ ಒಬ್ಬ ಹೇಳ್ತಿದ್ದ. ತಿನ್ನೋರೂ ಇದಾರಂತೆ.

ಸೊಸೆ: ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಗೌರಿ ಹೂವಿನಲ್ಲಿ ಕಾಲ್ಚಿಸಿನ್ ಇರೋದು ನಿಜ, ಆ ಗೆಡ್ಡೆ ತಿಂದು ಸತ್ತವರ ವಿವರಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿರೋದೂ ಅಷ್ಟೇ ನಿಜ. ಗುಳಿಗೆಯಲ್ಲಿ ಅರ್ಧ ಮಿಲಿಗ್ರಾಂ ಅಂತ ಅಳತೆ ಇದೆ, ಗೆಡ್ಡೆಗೆ ಯಾವ ಅಳತೆ? ಮದ್ದಿಗೂ ವಿಷಕ್ಕೂ ನಡುವಿನ ಜಾಗ ಇದರಲ್ಲಿ ತೀರಾ ಚಿಕ್ಕದು. ಗುಳಿಗೆಯನ್ನೂ ನೋವು ಹೆಚ್ಚಾಯ್ತು ಅಂತ ಮೇಲಿಂದ ಮೇಲೆ ನುಂಗಬಾರದು. ಭೇದಿ ಶುರುವಾದರೆ ನಿಲ್ಲಿಸಿ ಫೋನ್ ಮಾಡಬೇಕು. ಸಂತೆಯಲ್ಲಿ ಸಿಗುವ ಗಂಟುನೋವಿನ ಪುಡಿಯೂ ಬೇಡ. ಅಂಥ ಪುಡಿಗಳನ್ನು ಪರೀಕ್ಷೆ ಮಾಡಿದಾಗ ಸ್ಟೀರಾಯ್ಡ್ ಬೆರೆತದ್ದು ಎಷ್ಟೋ ಸಲ ಸಿಕ್ಕಿದೆ.

ಮಾವ: ಮೆಡಿಕಲ್ ಶಾಪಿನವ ಒಂದು ಗುಳಿಗೆ ಕೊಡ್ತಾನೆ, ಡೈಕ್ಲೋಫೆನಾಕ್. ಗಂಟೆಯೊಳಗೆ ಆರಾಮ.

ಸೊಸೆ: ಕಿಡ್ನಿ ಸರಿ ಇದ್ದು, ಹೃದಯದ ಕಾಯಿಲೆಯಿಲ್ಲದೆ, ಹೊಟ್ಟೆಯಲ್ಲಿ ಹುಣ್ಣಿಲ್ಲದೆ, ಬಿಪಿ ಹಿಡಿತದಲ್ಲಿದ್ದರೆ ಕೆಲವು ದಿನಕ್ಕೆ ನಡೆಯುತ್ತದೆ. ವರ್ಷಗಟ್ಟಲೆ ಅದನ್ನೇ ನುಂಗಿದರೆ, ಯೂರಿಕ್ ಆ್ಯಸಿಡ್ ಹೊರಹಾಕಬೇಕಾದ ಕಿಡ್ನಿಯನ್ನೇ ಕೆಡಿಸಿಕೊಂಡ ಹಾಗೆ. ನೋವು ಬಂದ ದಿನ ಕಾಲು ಎತ್ತಿಟ್ಟುಕೊಳ್ಳಿ, ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ. ಮದ್ದು ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೇದು. ಒಂದು ವಿಷಯ ನೆನಪಿರಲಿ: ಗಂಟು ಬಾತು, ಜೊತೆಗೆ ಚಳಿಜ್ವರ ಬಂದರೆ ಇದು ಗೌಟೇ ಅಂತ ಮನೆಯಲ್ಲಿ ಕೂರಬೇಡಿ. ಗಂಟಿನೊಳಗೆ ಕೀವಾದರೂ ಹೀಗೇ ಕಾಣುತ್ತದೆ, ಅದು ಒಂದೆರಡು ದಿನದಲ್ಲಿ ಗಂಟನ್ನೇ ಹಾಳು ಮಾಡುತ್ತದೆ. ಸೂಜಿ ಹಾಕಿ ನೀರು ತೆಗೆದು ನೋಡಿದರೆ ಹರಳೋ ಕೀವೋ ಗೊತ್ತಾಗುತ್ತದೆ.

ಮಾವ: ನೋವು ಜೋರಿದ್ದಾಗ ರಕ್ತ ಪರೀಕ್ಷೆ ಮಾಡಿಸಿದ್ದೆ ಒಮ್ಮೆ. 6.2 ಬಂದಿತ್ತು. ಗೌಟ್ ಅಲ್ಲವೇ ಅಲ್ಲ ಅಂದಿದ್ದರು.

ಸೊಸೆ: ನೋವಿನ ಹೊತ್ತಿನಲ್ಲಿ ಎಷ್ಟೋ ಜನರಿಗೆ ಅಂಕಿ ಇಳಿದಿರುತ್ತದೆ. ನೋವು ಹೋಗಿ ಎರಡು ವಾರ ಆದ ಮೇಲೆ ಮತ್ತೆ ನೋಡಬೇಕು.

ಅತ್ತೆ (ಕಾಫಿ ತಂದಿಡುತ್ತ): ಅವರದ್ದು ಬಿಡು. ನಾನಂತೂ ಒಂದು ದಿನವೂ ತಪ್ಪಿಸದೆ ಗುಳಿಗೆ ತಗೋತಿದೀನಿ. ನಂದು 6.9 ಇತ್ತು, ಈಗ 5 ಆಗಿದೆ. ಆದರೆ ಮೊಣಕಾಲು ನೋವು ಮಾತ್ರ ಹಾಗೇ ಇದೆ ನೋಡು.

ಸೊಸೆ: ನೀವೂನಾ! ನಿಮಗೆ ಯಾವಾಗಲಾದರೂ ಹೀಗೆ ದಿಢೀರ್ ಅಂತ ಗಂಟು ಕೆಂಪಾಗಿ ಬಾತಿತ್ತಾ?

ಅತ್ತೆ: ಇಲ್ಲವಪ್ಪ. ಮೆಟ್ಟಿಲು ಹತ್ತುವಾಗ, ಕೂತು ಏಳುವಾಗ ನೋವು. ಕ್ಯಾಂಪಿನಲ್ಲಿ ಬಾಡಿ ಚೆಕಪ್ ಮಾಡಿದರಲ್ಲ, ರಿಪೋರ್ಟಲ್ಲಿ ಕೆಂಪಕ್ಷರದಲ್ಲಿ ಬಂದಿತ್ತು.

ಸೊಸೆ: ನಿಮ್ಮದು ಮೊಣಕಾಲಿನ ಸವಕಳಿ ಅತ್ತೆ. ಯೂರಿಕ್ ಆ್ಯಸಿಡಿಗೂ ಅದಕ್ಕೂ ಸಂಬಂಧವಿಲ್ಲ. ಗೌಟಿನ ನೋವಿಲ್ಲ, ಗಂಟಿಲ್ಲ, ಕಲ್ಲಿಲ್ಲ, ಅಂಕಿ ಮಾತ್ರ ಸ್ವಲ್ಪ ಜಾಸ್ತಿ ಅನ್ನುವವರಿಗೆ ಸಾಮಾನ್ಯವಾಗಿ ಗುಳಿಗೆ ಬೇಡ ಅಂತಲೇ ಅಮೆರಿಕದ ಗಂಟುರೋಗ ತಜ್ಞರ ಸಂಘ 2020ರಲ್ಲಿ ಹೇಳಿದ್ದು. 9ಕ್ಕಿಂತ ಹೆಚ್ಚಿದ್ದವರಲ್ಲೂ ಐದು ವರ್ಷದೊಳಗೆ ಗೌಟ್ ಬರೋದು ಐದರಲ್ಲಿ ಒಬ್ಬರಿಗೆ. ಮುಟ್ಟು ನಿಂತ ಮೇಲೆ ಹೆಂಗಸರ ಮಟ್ಟ ಸ್ವಲ್ಪ ಏರುತ್ತದೆ, ಅಲ್ಲಿಯ ತನಕ ಈಸ್ಟ್ರೋಜೆನ್ ಅದನ್ನು ಹೊರಗೆ ಕಳಿಸೋಕೆ ಸಹಾಯ ಮಾಡ್ತಿತ್ತು. ನಿಮ್ಮ ಬಿಪಿ ಗುಳಿಗೆ ತೋರಿಸಿ. ನೋಡಿ, ಹೆಸರಿನ ಕೊನೆಗೆ ‘ಎಚ್’ ಅಂತಿದೆ. ಒಳಗೆ ಹೈಡ್ರೋಕ್ಲೋರೋಥಯಾಜೈಡ್ ಸೇರಿದೆ, ಅದೇ ಯೂರಿಕ್ ಆ್ಯಸಿಡ್ ಏರಿಸೋದು. ಒಂದು ಗುಳಿಗೆ ಏರಿಸ್ತಿದೆ, ಅದನ್ನು ಇಳಿಸೋಕೆ ಇನ್ನೊಂದು ಗುಳಿಗೆ!

ಮಾವ: ಅಂದರೆ ಈ ಮನೆಯಲ್ಲಿ ಬೇಕಾದವ ತಿನ್ನಲಿಲ್ಲ, ಬೇಡವಾದವಳು ತಿಂದಳು.

ಸೊಸೆ: ನೀವೇ ಹೇಳಿದ್ದು ಒಳ್ಳೇದಾಯ್ತು. ಅತ್ತೆ, ನಾನು ಹೇಳಿದೆ ಅಂತ ಇವತ್ತೇ ಯಾವುದನ್ನೂ ನಿಲ್ಲಿಸಬೇಡಿ, ಬಿಪಿ ಗುಳಿಗೆಯಂತೂ ಬೇಡವೇ ಬೇಡ. ನಿಮ್ಮ ಡಾಕ್ಟರಿಗೆ ಎರಡನ್ನೂ ಒಟ್ಟಿಗೆ ತೋರಿಸಿ ಕೇಳಿ. ಬಿಪಿಗೆ ಬೇರೆ ದಾರಿಗಳಿವೆ, ಲೊಸಾರ್ಟಾನ್ ಅಂತ ಒಂದಿದೆ, ಅದು ಯೂರಿಕ್ ಆ್ಯಸಿಡನ್ನೂ ಚೂರು ಇಳಿಸುತ್ತದೆ. ಹೃದಯಕ್ಕೆ ಅಂತ ಕೊಡುವ ಸಣ್ಣ ಆಸ್ಪಿರಿನ್, ಕ್ಷಯದ ಪೈರಜಿನಮೈಡ್ ಕೂಡ ಮಟ್ಟ ಏರಿಸುತ್ತವೆ. ಹಾಗಂತ ಅವನ್ನು ಬಿಡೋಕಾಗಲ್ಲ.

ಮಾವ: ನನಗೆ ಅಲೋಪ್ಯೂರಿನಾಲ್ ಅಂದರೆ ಹೆದರಿಕೆ. ಮೈಯೆಲ್ಲ ಚರ್ಮ ಸುಲಿದು ಹೋಗ್ತದೆ ಅಂತ ಕೇಳಿದೀನಿ.

ಸೊಸೆ: ಅಪರೂಪಕ್ಕೆ ಆಗುತ್ತದೆ, ಮುಚ್ಚಿಡೋಲ್ಲ. ಹೆಚ್ಚಾಗಿ ಮೊದಲ ಎರಡು ತಿಂಗಳಲ್ಲಿ. ಒಂದು ನಿರ್ದಿಷ್ಟ ಜೀನ್ ಇರುವವರಿಗೆ ಅಪಾಯ ಜಾಸ್ತಿ, ಅದು ಚೀನಾ, ಥಾಯ್ಲೆಂಡ್, ಕೊರಿಯಾದ ಕಡೆ ಹೆಚ್ಚು. ಕಡಿಮೆ ಪ್ರಮಾಣದಿಂದ ಶುರು ಮಾಡೋಕೆ ಅದೂ ಒಂದು ಕಾರಣ. ಮೈಮೇಲೆ ದದ್ದು ಎದ್ದರೆ, ಬಾಯಲ್ಲಿ ಹುಣ್ಣಾದರೆ, ಜ್ವರ ಬಂದರೆ ಆ ಕ್ಷಣವೇ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ ಬನ್ನಿ. ಅಷ್ಟು ಎಚ್ಚರ ಇಟ್ಟುಕೊಂಡರೆ ಒಳ್ಳೆಯ ಮದ್ದು ಅದು. ಅದರ ಹುಟ್ಟು ನನಗೆ ತುಂಬ ಇಷ್ಟ. ಗರ್ಟ್ರೂಡ್ ಎಲಿಯನ್ ಅನ್ನೋ ಹೆಣ್ಣುಮಗಳು. ಹೆಂಗಸು ಅಂತ ಎಷ್ಟೋ ಕಡೆ ಪ್ರಯೋಗಾಲಯದ ಕೆಲಸ ಸಿಗದೆ ಅಲೆದವಳು, ಪಿಎಚ್.ಡಿ. ಮುಗಿಸೋಕೂ ಆಗಲಿಲ್ಲ. ಜಾರ್ಜ್ ಹಿಚಿಂಗ್ಸ್ ಜೊತೆ ಸೇರಿ ರಕ್ತದ ಕ್ಯಾನ್ಸರಿಗೆ ಒಂದು ಮದ್ದು ಕಂಡುಹಿಡಿದಳು. ಆ ಮದ್ದನ್ನು ಮೈಯೊಳಗಿನ ಒಂದು ಕಿಣ್ವ ಬೇಗ ಒಡೆದುಹಾಕುತ್ತಿತ್ತು. ಕಿಣ್ವವನ್ನು ತಡೆಯೋಕೆ ಅಂತ ಇವರು ಅಲೋಪ್ಯೂರಿನಾಲ್ ಕೊಟ್ಟು ನೋಡಿದರು. ನೋಡಿದರೆ ರೋಗಿಗಳ ಯೂರಿಕ್ ಆ್ಯಸಿಡ್ ಇಳಿದುಬಿಟ್ಟಿತ್ತು. ಯಾಕೆಂದರೆ ಯೂರಿಕ್ ಆ್ಯಸಿಡ್ ತಯಾರಿಸೋದೂ ಅದೇ ಕಿಣ್ವ. 1966ರಲ್ಲಿ ಗೌಟಿಗೆ ಅಂತ ಅದಕ್ಕೆ ಒಪ್ಪಿಗೆ ಸಿಕ್ಕಿತು. 1988ರಲ್ಲಿ ಇಬ್ಬರಿಗೂ ನೊಬೆಲ್.

ಮಾವ: ಇನ್ನೊಂದು ಗುಳಿಗೆ ಇದೆಯಲ್ಲ, ಇವಳು ತಿನ್ನೋದು?

ಸೊಸೆ: ಫೆಬುಕ್ಸೊಸ್ಟಾಟ್. ಅದೂ ಅದೇ ಕಿಣ್ವವನ್ನೇ ತಡೆಯೋದು. ಹೃದಯದ ಕಾಯಿಲೆ ಇರುವವರಲ್ಲಿ ಸ್ವಲ್ಪ ಯೋಚಿಸಿ ಕೊಡಬೇಕು. ನಿಮಗೆ ಎದೆಗೆ ಸ್ಟೆಂಟ್ ಹಾಕಿದೆಯಲ್ಲ, ಅಲೋಪ್ಯೂರಿನಾಲ್ ಇರಲಿ.

ಮಾವ: ಎಷ್ಟಕ್ಕೆ ಇಳಿಸಬೇಕು? ಎಷ್ಟು ದಿನ?

ಸೊಸೆ: 6ರ ಕೆಳಗೆ ಎಲ್ಲರಿಗೂ. ನಿಮಗೆ ಗಂಟು ಕಟ್ಟಿರೋದರಿಂದ 5ರ ಕೆಳಗೆ ಇದ್ದರೆ ಬೇಗ ಕರಗುತ್ತದೆ. ಆ ಮೊಣಕೈ ಗಂಟು ಚಿಕ್ಕದಾಗೋಕೆ ತಿಂಗಳುಗಳಲ್ಲ, ವರ್ಷಗಳೇ ಬೇಕಾಗಬಹುದು. ಗುಳಿಗೆ ಎಷ್ಟು ದಿನ ಅಂದರೆ, ನಿಲ್ಲಿಸಿದರೆ ಮಟ್ಟ ಮತ್ತೆ ಮೊದಲಿನ ಜಾಗಕ್ಕೇ ಬರುತ್ತದೆ, ಕಿಡ್ನಿಯ ಸ್ವಭಾವ ಬದಲಾಗಿಲ್ಲವಲ್ಲ. ಹಾಗಾಗಿ ತಗೊಳ್ತಾನೇ ಇರಬೇಕು. ನಡುವೆ ನೋವು ಬಂದರೂ ಇದನ್ನು ನಿಲ್ಲಿಸದೆ, ನೋವಿಗೆ ಬೇರೆ ಮದ್ದು.

ಮಾವ: ಶನಿವಾರದ ಮಂಡಿ ಸಭೆ?

ಸೊಸೆ: ಸಭೆಗೆ ಹೋಗಿ. ಬಿಯರ್ ಬೇಡ, ಅದರಲ್ಲಿ ಪ್ಯೂರಿನ್ನೂ ಇದೆ, ಮದ್ಯವೂ ಇದೆ. ಮದ್ಯ ಕರಗುವಾಗ ಹುಟ್ಟುವ ಲ್ಯಾಕ್ಟೇಟ್ ಕಿಡ್ನಿಯ ಬಾಗಿಲಲ್ಲಿ ಯೂರಿಕ್ ಆ್ಯಸಿಡನ್ನು ತಡೆಯುತ್ತದೆ. ಬಿಯರ್ ಬಿಟ್ಟು ರಮ್ಮಿಗೆ ಹೋಗ್ತೀನಿ ಅನ್ನಬೇಡಿ, ಆ ಜಾಣತನ ನಂಗೆ ಗೊತ್ತು. ಬಂಗುಡೆ ಅಪರೂಪಕ್ಕೆ, ಒಂದು ಹೋಳು. ಲಿವರ್, ಬೋಟಿ, ಕಾಲು ಸೂಪು ಬೇಡ. ಮಜ್ಜಿಗೆ ಎಷ್ಟಾದರೂ ಕುಡೀರಿ, ತೋಟಕ್ಕೆ ಹೋಗುವಾಗ ನೀರಿನ ಬಾಟಲಿ ಹಿಡ್ಕೊಂಡೇ ಹೋಗಿ. ಕಾಫಿ ತಣ್ಣಗಾಗ್ತಿದೆ ನೋಡಿ. ಅದೇ ರಿಪೋರ್ಟಿನಲ್ಲಿ ಕೆಳಗೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ಅಂತ ಇರುತ್ತದಲ್ಲ, ಎಷ್ಟಿದೆ ಓದಿ.

ಮಾವ: ಕನ್ನಡಕ ಎಲ್ಲಿ... 1.5.

ಸೊಸೆ: ಹ್ಞೂಂ. ಹಾಗಾದರೆ ಆ ಡೈಕ್ಲೋಫೆನಾಕ್ ಪಟ್ಟಿಯನ್ನು ಈಗಲೇ ನನ್ನ ಕೈಗೆ ಕೊಡಿ. ಅಲೋಪ್ಯೂರಿನಾಲ್ 50ರಿಂದ ಶುರು ಮಾಡೋಣ. ಕಾಲ್ಚಿಸಿನ್ ಎಷ್ಟು ಅಂತ ನಾಳೆ ನಿಮ್ಮ ಡಾಕ್ಟರ್ ಹತ್ತಿರ ನಾನೇ ಮಾತಾಡ್ತೀನಿ.